ಮೀನಿನ ರೆಕ್ಕೆಯೂ ಆಳಿನ ಕೂಲಿಯೂ

ಕಳೆದ ವಾರ ನಮ್ಮ ಪಕ್ಷದ ಕಚೇರಿಯಲ್ಲಿ ಮಾತು ಎಲ್ಲಿಂದಲೋ ಹೊರಟು ಹವಾಯಿ ದ್ವೀಪಗಳಿಗೆ ಬಂದು ನಿಂತಿತು. ಅಲ್ಲಿಯ ಶಾಸನ ಸಭೆ ಶಾರ್ಕ್ ಮೀನನ್ನು ಉಳಿಸುವುದಕ್ಕೆ ಮಾಡಿದ ಕಾನೂನಿನ ಸಂಗತಿಯನ್ನು ನಾನು ಹೇಳುತ್ತಿದ್ದೆ. ಮೊದಲ ಪಾಳಿ ಮುಗಿಸಿ ಬಂದಿದ್ದ ಗಿರಣಿಯ ಗೆಳೆಯರೊಬ್ಬರು ಕೇಳಿದರು: “ಮೇಷ್ಟ್ರೇ, ಅಲ್ಲಿ ಮೀನಿಗೂ ಕಾನೂನಂತೆ. ಇಲ್ಲಿ ನಮ್ಮ ಬೋನಸ್ಸಿಗೆ ಇರೋ ಕಾನೂನೇ ನಡೆಯೋದಿಲ್ಲ. ಮನುಷ್ಯನ ಗತಿ ಹೀಗಿರುವಾಗ ಮೀನಿನ ಚಿಂತೆ ನಮಗ್ಯಾಕೆ?” ಪಕ್ಕದಲ್ಲಿ ಕುಳಿತಿದ್ದ ಕಿರಾಣಿ ಅಂಗಡಿಯವರು ತಮ್ಮದೂ ಒಂದು ಮಾತು ಸೇರಿಸಿದರು: “ಯಾವ ಕಾನೂನು ಬಂದರೂ ಕೊನೆಗೆ ದಂಡ ಕಟ್ಟೋನು ಸಣ್ಣ ಅಂಗಡಿಯವನೇ.”

ಎರಡೂ ನ್ಯಾಯವಾದ ಮಾತುಗಳು. ನಗುತ್ತ ತಳ್ಳಿಹಾಕತಕ್ಕವಲ್ಲ. ಆ ದಿನ ಚಹಾ ಆರುವುದರೊಳಗೆ ಉತ್ತರ ಹೇಳಿ ಮುಗಿಸುವುದು ನನ್ನಿಂದ ಆಗಲಿಲ್ಲ; ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟೇ: ಕಾಡು ಕಡಲುಗಳ ಜೀವಿಗಳನ್ನು ನಾಶಮಾಡುವುದು ಲಾಭದ ಆಸೆ, ಅದೇ ಆಸೆ ದುಡಿಯುವವನ ಕೂಲಿಯನ್ನೂ ಕತ್ತರಿಸುತ್ತದೆ. ಪ್ರಾಣಿಯನ್ನು ಉಳಿಸುವ ಕಾನೂನು ವ್ಯಾಪಾರದ ಕೊರಳಿಗೆ ಕೈಹಾಕಿದರೆ ಮಾತ್ರ ನಡೆಯುತ್ತದೆ. ಆ ಕಾನೂನಿನಿಂದ ಹೊಟ್ಟೆಪಾಡು ಕಳೆದುಕೊಳ್ಳುವ ಬಡವನಿಗೆ ದಾರಿ ತೋರಿಸಿದಾಗ ಮಾತ್ರ ಅದು ಪೂರ್ಣವಾಗುತ್ತದೆ. ಹವಾಯಿಯವರು ಮೊದಲನೆಯ ಕೆಲಸ ಮಾಡಿದರು. ಎರಡನೆಯದನ್ನು ಅರ್ಧಕ್ಕೆ ಬಿಟ್ಟರು. ನಾವು ಎರಡನ್ನೂ ನೋಡಿ ಕಲಿಯಬೇಕು.

ಸಕ್ಕರೆಯ ಒಡೆಯರು ತಂದ ಮುಂಗುಸಿ

ಹವಾಯಿ ಪೆಸಿಫಿಕ್ ಮಹಾಸಾಗರದ ನಡುವೆ, ಅಮೆರಿಕಾದ ಕರಾವಳಿಯಿಂದ ಸುಮಾರು 3,800 ಕಿಲೋಮೀಟರು ದೂರದಲ್ಲಿದೆ. ಜ್ವಾಲಾಮುಖಿಗಳು ಉಗುಳಿದ ಕಲ್ಲಿನಿಂದ ಕಡಲ ತಳದಿಂದ ಎದ್ದು ಬಂದ ದ್ವೀಪಗಳು. ಯಾವ ಖಂಡಕ್ಕೂ ಎಂದೂ ಅಂಟಿಕೊಂಡಿದ್ದ ನೆಲವಲ್ಲ. ಗಾಳಿಯಲ್ಲಿ ಹಾರಿ, ನೀರಿನಲ್ಲಿ ತೇಲಿ ಬಂದ ಜೀವಗಳೇ ಅಲ್ಲಿ ನೆಲೆನಿಂತು, ಲಕ್ಷಾಂತರ ವರ್ಷಗಳಲ್ಲಿ ಬೇರೆಲ್ಲಿಯೂ ಇಲ್ಲದ ಹಕ್ಕಿ, ಹುಳು, ಗಿಡಗಳಾಗಿ ಬೆಳೆದವು. ನೆಲದ ಮೇಲೆ ಬೇಟೆಯಾಡುವ ನಾಲ್ಕು ಕಾಲಿನ ಪ್ರಾಣಿ ಅಲ್ಲಿರಲಿಲ್ಲ. ಸೊಳ್ಳೆಯೂ ಇರಲಿಲ್ಲ. ಹೀಗಾಗಿ ಹಕ್ಕಿಗಳು ನಿರ್ಭಯವಾಗಿ ನೆಲದ ಮೇಲೆಯೇ ಮೊಟ್ಟೆ ಇಡುತ್ತಿದ್ದವು.

ಮೊದಲು ದೋಣಿಯಲ್ಲಿ ಬಂದು ನೆಲೆಸಿದ ಹವಾಯಿಯ ಮೂಲಜನರೊಂದಿಗೆ ಇಲಿ, ಹಂದಿ, ನಾಯಿಗಳೂ ಬಂದವು. ಅವುಗಳಿಂದ ಕೆಲವು ಹಕ್ಕಿಗಳು ಆಗಲೇ ಅಳಿದವು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಿಜವಾದ ದುರಂತ ಆರಂಭವಾದದ್ದು ಬಿಳಿಯರ ಹಡಗು ಬಂದ ಮೇಲೆ. 1826ರಲ್ಲಿ ತಿಮಿಂಗಿಲ ಬೇಟೆಯ ಹಡಗೊಂದರ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಮಾವಿ ದ್ವೀಪಕ್ಕೆ ಇಳಿಯಿತು. ಆ ಸೊಳ್ಳೆಯೇ ಮುಂದೆ ಹಕ್ಕಿಗಳ ಮಲೇರಿಯಾವನ್ನು ಹರಡಿತು. ಜೇನುಹೀರುವ ಜಾತಿಯ ಬಣ್ಣಬಣ್ಣದ ಸಣ್ಣ ಹಕ್ಕಿಗಳು ಅಲ್ಲಿ ಐವತ್ತಕ್ಕೂ ಹೆಚ್ಚು ಬಗೆಯವು ಇದ್ದವು; ಇಂದು ಉಳಿದಿರುವುದು 17 ಬಗೆ. 2023ರಲ್ಲಿ ಅಮೆರಿಕಾ ಸರ್ಕಾರ ಅಳಿದುಹೋದವೆಂದು ಪಟ್ಟಿಯಿಂದ ತೆಗೆದುಹಾಕಿದ 21 ಜೀವಿಗಳಲ್ಲಿ 8 ಹವಾಯಿಯ ಹಕ್ಕಿಗಳು.

ಆಮೇಲೆ ಸಕ್ಕರೆ ಬಂದಿತು. ಕಬ್ಬಿನ ತೋಟಗಳ ಒಡೆಯರು ಕಾಡು ಕಡಿದರು, ಹಳ್ಳಗಳ ನೀರನ್ನು ತಿರುಗಿಸಿಕೊಂಡರು. ತೋಟದಲ್ಲಿ ಇಲಿ ಕಾಟ ಹೆಚ್ಚಿತೆಂದು 1883ರಲ್ಲಿ ಜಮೈಕಾದಿಂದ ಮುಂಗುಸಿಗಳನ್ನು ತರಿಸಿ ಬಿಟ್ಟರು. ಜಮೈಕಾಕ್ಕೆ ಆ ಮುಂಗುಸಿ ಹೋದದ್ದು ನಮ್ಮ ಭಾರತದಿಂದ, 1872ರಲ್ಲಿ. ಹಾವನ್ನು ಕೊಂದು ತೊಟ್ಟಿಲ ಮಗುವನ್ನು ಕಾದ ಮುಂಗುಸಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹವಾಯಿಯಲ್ಲಿ ಅದು ಯಾವ ತೊಟ್ಟಿಲನ್ನೂ ಕಾಯಲಿಲ್ಲ. ಇಲಿ ರಾತ್ರಿ ಓಡಾಡುವ ಪ್ರಾಣಿ, ಮುಂಗುಸಿ ಹಗಲು ಓಡಾಡುವುದು. ಇಬ್ಬರ ಪಾಳಿಯೇ ಬೇರೆ. ಇಲಿ ಸಿಗದ ಮುಂಗುಸಿ ನೆಲದ ಮೇಲಿನ ಹಕ್ಕಿಗೂಡುಗಳಿಗೆ ಬಾಯಿ ಹಾಕಿತು. ನೇನೆ ಎಂಬ ಅಲ್ಲಿಯ ಹೆಬ್ಬಾತು ಬೇಟೆಗೂ ಇಂಥ ಪ್ರಾಣಿಗಳಿಗೂ ಸಿಕ್ಕಿ 1950ರ ಸುಮಾರಿಗೆ 30ರಷ್ಟು ಮಾತ್ರ ಉಳಿದಿತ್ತು.

ಹಕ್ಕಿಯ ಗೂಡಿಗೆ ಮುಂಗುಸಿ ಬಿಟ್ಟವರು ಯಾರು? ಆ ದೇಶದ ಜನರಲ್ಲ. 1893ರಲ್ಲಿ ಅಲ್ಲಿಯ ರಾಣಿ ಲಿಲಿಉಕಲಾನಿಯನ್ನು ಪಟ್ಟದಿಂದ ಇಳಿಸಿದವರಲ್ಲಿ ಸಕ್ಕರೆಯ ಹಿತವುಳ್ಳವರೇ ಮುಂದಿದ್ದರು. 1898ರಲ್ಲಿ ಅಮೆರಿಕಾ ದ್ವೀಪಗಳನ್ನು ನುಂಗಿತು. ಐದು ಕಂಪನಿಗಳು ನೆಲ, ಹಡಗು, ಬ್ಯಾಂಕು, ಅಂಗಡಿ ಎಲ್ಲವನ್ನೂ ಹಿಡಿದು ಕುಳಿತವು. ಚೀನ, ಜಪಾನ್, ಪೋರ್ಚುಗಲ್, ಫಿಲಿಪೈನ್ಸ್ ದೇಶಗಳಿಂದ ಕೂಲಿಗಳನ್ನು ತರಿಸಿ, ಒಂದು ಜನಾಂಗದ ಮೇಲೆ ಇನ್ನೊಂದನ್ನು ಎತ್ತಿಕಟ್ಟಿ ತೋಟ ನಡೆಸಿದರು. ಆ ಗೋಡೆಯನ್ನು ಒಡೆದದ್ದು 1946ರ ಮುಷ್ಕರ. ಸುಮಾರು 26 ಸಾವಿರ ಸಕ್ಕರೆ ಕಾರ್ಮಿಕರು ಎಲ್ಲ ಭಾಷೆ, ಎಲ್ಲ ಬಣ್ಣದವರೂ ಒಂದಾಗಿ 79 ದಿನ ಕೆಲಸ ನಿಲ್ಲಿಸಿ ಗೆದ್ದರು. 1954ರಲ್ಲಿ ಶಾಸನ ಸಭೆಯೂ ಒಡೆಯರ ಪಕ್ಷದ ಕೈಯಿಂದ ಜಾರಿತು. 1959ರಲ್ಲಿ ಹವಾಯಿ ಅಮೆರಿಕಾದ 50ನೆಯ ರಾಜ್ಯವಾಯಿತು. ಸಕ್ಕರೆಯ ಕಥೆ 2016ರಲ್ಲಿ ಮುಗಿಯಿತು. ಆ ವರ್ಷ ಕೊನೆಯ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿತು. ಒಡೆಯರು ಬೇರೆ ವ್ಯಾಪಾರಕ್ಕೆ ಹೋದರು. ಮುಂಗುಸಿ ಮಾತ್ರ ಅಲ್ಲಿಯೇ ಇದೆ.

ಗಿರಣಿಯ ಗೆಳೆಯರಿಗೆ ನನ್ನ ಮೊದಲ ಉತ್ತರ ಇಲ್ಲಿದೆ. ಕೂಲಿಯವನನ್ನು ಜಾತಿ ಬಣ್ಣಗಳಿಂದ ಒಡೆದ ಕೈಯೂ ಹಕ್ಕಿಯ ಗೂಡಿಗೆ ಮುಂಗುಸಿ ಬಿಟ್ಟ ಕೈಯೂ ಒಂದೇ. ಎರಡೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದ ಬಾಬುಗಳು.

ರೆಕ್ಕೆಯ ವ್ಯಾಪಾರ

ಇನ್ನು ಶಾರ್ಕಿನ ಮಾತು. ಹವಾಯಿಯ ಮೂಲಜನರ ಭಾಷೆಯಲ್ಲಿ ಅದಕ್ಕೆ ಮನೋ ಎಂದು ಹೆಸರು. ನಮ್ಮಲ್ಲಿ ಮನೆದೇವರು ಇರುವ ಹಾಗೆ ಅಲ್ಲಿ ಕೆಲವು ಕುಟುಂಬಗಳಿಗೆ ಶಾರ್ಕೇ ಕಾಯುವ ದೈವ. ಹಾಗೆಂದು ಅವರು ಅದನ್ನು ಮುಟ್ಟಿಯೇ ಇರಲಿಲ್ಲವೆಂದಲ್ಲ. ಅದರ ಚರ್ಮದಿಂದ ನಗಾರಿ ಕಟ್ಟುತ್ತಿದ್ದರು, ಹಲ್ಲಿನಿಂದ ಆಯುಧ ಮಾಡುತ್ತಿದ್ದರು. ಬೇಕಾದಷ್ಟು ತೆಗೆದುಕೊಳ್ಳುವುದು ಒಂದು, ದೋಚುವುದು ಬೇರೊಂದು.

ದೋಚುವ ಕೆಲಸ ನಡೆದದ್ದು ಹೀಗೆ. ಶಾರ್ಕಿನ ಈಜುರೆಕ್ಕೆಯನ್ನು ಒಣಗಿಸಿ ಚೀನೀ ಅಡಿಗೆಯಲ್ಲಿ ಸೂಪು ಮಾಡುತ್ತಾರೆ. ಆ ರೆಕ್ಕೆಗೆ ತನ್ನದೆಂಬ ರುಚಿ ಬಹಳವಿಲ್ಲ. ರುಚಿ ಬರುವುದು ಕೋಳಿ ಮಾಂಸದ ಸಾರಿನಿಂದ. ಆದರೂ ಮದುವೆ ಔತಣಗಳಲ್ಲಿ ಅದನ್ನು ಬಡಿಸುವುದು ಸಿರಿವಂತಿಕೆಯ ಗುರುತು. ಶಾರ್ಕಿನ ಮಾಂಸಕ್ಕೆ ಬೆಲೆ ಕಡಮೆ, ರೆಕ್ಕೆಗೆ ಬೆಲೆ ಬಹಳ. ಹಡಗಿನ ಉಗ್ರಾಣದಲ್ಲಿ ಟ್ಯೂನಾ ಮೀನು ತುಂಬಬೇಕಾದ ಜಾಗವನ್ನು ಶಾರ್ಕಿನ ದೇಹಕ್ಕೆ ಕೊಡಲು ಒಡೆಯನಿಗೆ ಮನಸ್ಸಿಲ್ಲ. ಆದ್ದರಿಂದ ರೆಕ್ಕೆ ಮಾತ್ರ ಕತ್ತರಿಸಿ, ಅನೇಕ ಸಲ ಜೀವವಿರುವಾಗಲೇ ದೇಹವನ್ನು ಕಡಲಿಗೆ ಎಸೆಯುತ್ತಿದ್ದರು. ಈಜಲಾರದ ಮೀನು ತಳಕ್ಕೆ ಮುಳುಗಿ ಸಾಯುತ್ತಿತ್ತು. 1990ರ ದಶಕದ ಕೊನೆಯಲ್ಲಿ ಹವಾಯಿಯ ದೋಣಿಗಳೇ ವರ್ಷಕ್ಕೆ ಸುಮಾರು 60 ಸಾವಿರ ಶಾರ್ಕುಗಳ ರೆಕ್ಕೆ ಕತ್ತರಿಸುತ್ತಿದ್ದವು. ಶಾರ್ಕು ನಿಧಾನವಾಗಿ ಬೆಳೆಯುವ ಮೀನು. ಎಷ್ಟೋ ಜಾತಿಗಳು ಮರಿಹಾಕುವ ವಯಸ್ಸಿಗೆ ಬರಲು ಹತ್ತಾರು ವರ್ಷ ಬೇಕು; ಹಾಕುವ ಮರಿಗಳೂ ಕೆಲವೇ. ಬೂತಾಯಿ ಬಂಗುಡೆಯ ಹಾಗೆ ಲಕ್ಷಗಟ್ಟಲೆ ಮೊಟ್ಟೆಯಿಟ್ಟು ನಷ್ಟ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇಲ್ಲೊಂದು ಸಂಗತಿಯನ್ನು ಗಿರಣಿಯವರು ಗಮನಿಸಬೇಕು. ಆ ರೆಕ್ಕೆ ಮಾರಿದ ಹಣ ಬಹುಮಟ್ಟಿಗೆ ಹೋಗುತ್ತಿದ್ದುದು ಹಡಗಿನ ಆಳುಗಳ ಕೈಗೆ. ಮೂಲ ಸಂಬಳ ಸಾಲದಾದಾಗ ಅವರಿಗೆ ಅದೇ ಮೇಲುಸಂಪಾದನೆ. ಒಡೆಯನಿಗೆ ಇದರಿಂದ ಅನುಕೂಲವೇ: ಕೂಲಿ ಹೆಚ್ಚಿಸುವ ಭಾರ ತಪ್ಪಿತು, ಆಳನ್ನು ಸಮಾಧಾನದಲ್ಲಿಡುವ ಖರ್ಚನ್ನು ಕಡಲಿನ ಮೀನು ಕಟ್ಟಿತು. ಹೀಗೆ ಬಡವನ ಕೈಯಲ್ಲಿ ಚಾಕು ಕೊಟ್ಟು ಪಾಪವನ್ನೂ ಅವನ ಹೆಸರಿಗೇ ಬರೆಯುವುದು ಲಾಭಕೋರರ ಹಳೆಯ ವಿದ್ಯೆ.

ತೂತು ಬಿದ್ದ ಬಲೆ

ಮೊದಲು ಬಂದ ಕಾನೂನುಗಳು ಚಾಕು ಹಿಡಿದವನ ಕೈಯನ್ನೇ ನೋಡಿದವು. 2000ದಲ್ಲಿ ಹವಾಯಿಯ ಶಾಸನ ಸಭೆ, ದೇಹವಿಲ್ಲದೆ ಬರಿಯ ರೆಕ್ಕೆಯನ್ನು ದಡಕ್ಕೆ ತರಕೂಡದೆಂದು ವಿಧಿಸಿತು. ಅದೇ ವರ್ಷದ ಕೊನೆಗೆ ಅಮೆರಿಕಾದ ಕೇಂದ್ರ ಸರ್ಕಾರವೂ ರೆಕ್ಕೆ ಕತ್ತರಿಸುವುದನ್ನು ನಿಷೇಧಿಸಿತು. ವ್ಯಾಪಾರ ಮಾತ್ರ ಹಾಗೆಯೇ ಉಳಿಯಿತು.

ಅದರ ಫಲ 2002ರಲ್ಲಿ ಕಂಡಿತು. ಮಧ್ಯ ಅಮೆರಿಕಾದ ಆಚೆಯ ಕಡಲಿನಲ್ಲಿ ‘ಕಿಂಗ್ ಡೈಮಂಡ್ 2’ ಎಂಬ ಅಮೆರಿಕಾದ ಹಡಗನ್ನು ಹಿಡಿದಾಗ ಅದರಲ್ಲಿ 64,695 ಪೌಂಡು, ಅಂದರೆ ಸುಮಾರು 29 ಟನ್ನು ಶಾರ್ಕಿನ ರೆಕ್ಕೆ ಇತ್ತು. ಹಾಂಗ್‌ಕಾಂಗಿನ ಕಂಪನಿಯೊಂದು ಬಾಡಿಗೆಗೆ ಹಿಡಿದ ಹಡಗು ಅದು. ನಡುಗಡಲಿನಲ್ಲಿ ಬೇರೆ ಬೇರೆ ಮೀನುದೋಣಿಗಳಿಂದ ರೆಕ್ಕೆ ಕೊಂಡು ತುಂಬಿಕೊಂಡಿತ್ತು. ಸರ್ಕಾರ ಮಾಲನ್ನು ಜಪ್ತಿ ಮಾಡಿತು. ಒಡೆಯರು ಕೋರ್ಟಿಗೆ ಹೋದರು. ಈ ಹಡಗು ಮೀನು ಹಿಡಿದಿಲ್ಲ, ಕೊಂಡು ಸಾಗಿಸಿದೆ ಅಷ್ಟೆ; ಇಂಥ ಹಡಗನ್ನೂ ಮೀನುಗಾರಿಕೆಯ ಹಡಗೆಂದು ಎಣಿಸಲಾಗುವುದೆಂದು ಕಾನೂನು ಮುಂಚಿತವಾಗಿ ತಿಳಿಸಿರಲಿಲ್ಲವೆಂದು 2008ರಲ್ಲಿ ಮೇಲು ಕೋರ್ಟು ತೀರ್ಪು ಕೊಟ್ಟಿತು. ಕತ್ತರಿಸಿದವನು ಅಪರಾಧಿ, 29 ಟನ್ನು ಕೊಂಡವನಿಗೆ ಗೆಲುವು! ಕಳ್ಳನನ್ನು ಹಿಡಿದು ಕಳ್ಳಮಾಲು ಕೊಳ್ಳುವವನನ್ನು ಬಿಡುವ ಪೊಲೀಸಿನ ಕಥೆ ನಮ್ಮ ಊರಿಗೂ ಹೊಸದಲ್ಲ.

ಹೀಯವರ ಮಸೂದೆ

ಈ ತೂತನ್ನು ಹೊಲಿಯುವುದಕ್ಕೆ ಹೊರಟವರು ಹವಾಯಿಯ ಸೆನೆಟ್ ಸದಸ್ಯ ಕ್ಲೇಟನ್ ಹೀ. ಇವರು ಡೆಮಾಕ್ರಟಿಕ್ ಪಕ್ಷದವರು, ಸಮಾಜವಾದಿಯಲ್ಲ. ಹವಾಯಿಯ ಮೂಲಜನರ ವಂಶಕ್ಕೆ ಸೇರಿದವರು. ಮೂಲಜನರ ಹಿತ ನೋಡುವ ಸರ್ಕಾರಿ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ಆಗ ಸೆನೆಟ್ಟಿನಲ್ಲಿ ನೀರು, ನೆಲ, ವ್ಯವಸಾಯ ಮತ್ತು ಹವಾಯಿ ಜನರ ವಿಷಯಗಳ ಸಮಿತಿ ಅವರ ಕೈಯಲ್ಲಿತ್ತು.

ಹವಾಯಿಯ ಶಾಸನ ಸಭೆ ದೊಡ್ಡದೇನಲ್ಲ. ಸೆನೆಟ್ಟಿನಲ್ಲಿ 25 ಜನ, ಕೆಳಮನೆಯಲ್ಲಿ 51 ಜನ. ಜನವರಿಯಲ್ಲಿ ಕೂಡಿ ಮೇ ತಿಂಗಳ ಮೊದಲಿಗೆ ಅಧಿವೇಶನ ಮುಗಿಸುತ್ತಾರೆ. ಪ್ರತಿ ಮಸೂದೆಯೂ ಎರಡೂ ಮನೆಗಳಲ್ಲಿ ಮೂರು ಮೂರು ವಾಚನಗಳನ್ನು ದಾಟಬೇಕು. ಸಮಿತಿಯ ಮುಂದೆ ಯಾವ ನಾಗರಿಕನೂ ಬಂದು ತನ್ನ ಮಾತು ಹೇಳಬಹುದು, ಬರೆದೂ ಕಳುಹಿಸಬಹುದು. ಇದೊಂದನ್ನು ನಮ್ಮ ಶಾಸಕರು ಗಮನಿಸಿದರೆ ಒಳ್ಳೆಯದು. ನಮ್ಮಲ್ಲಿ ಎಷ್ಟೋ ಮಸೂದೆಗಳು ಗದ್ದಲದ ನಡುವೆ ಹತ್ತು ನಿಮಿಷದಲ್ಲಿ ಕಾನೂನಾಗಿ ಹೊರಬರುತ್ತವೆ. ಅದರಿಂದ ಬದುಕು ಏರುಪೇರಾಗುವವನಿಗೆ ಮರುದಿನ ಪತ್ರಿಕೆ ಓದಿ ಗೊತ್ತಾಗಬೇಕು.

ಹೀಯವರು 2010ರಲ್ಲಿ ತಂದ 2169ನೆಯ ಸೆನೆಟ್ ಮಸೂದೆಯ ಮುಖ್ಯ ವಿಧಿ ಬಹಳ ಸರಳ. ಶಾರ್ಕಿನ ರೆಕ್ಕೆಯನ್ನು ಯಾರೂ ಇಟ್ಟುಕೊಳ್ಳಕೂಡದು, ಮಾರಕೂಡದು, ಮಾರಲು ಇಡಕೂಡದು, ಹಂಚಕೂಡದು. ಯಾವ ಕಡಲಿನಲ್ಲಿ ಹಿಡಿದದ್ದು, ಯಾರು ಕತ್ತರಿಸಿದರು ಎಂಬ ಪ್ರಶ್ನೆಯೇ ಇಲ್ಲ. ಮಾಲು ನಿನ್ನ ಬಳಿ ಇದೆಯೇ? ಹಾಗಾದರೆ ಉತ್ತರ ಹೇಳು. ಮೊದಲ ತಪ್ಪಿಗೆ 5 ಸಾವಿರದಿಂದ 15 ಸಾವಿರ ಡಾಲರ್ ದಂಡ; ಎರಡನೆಯದಕ್ಕೆ 15 ಸಾವಿರದಿಂದ 35 ಸಾವಿರ; ಮೂರನೆಯ ಸಲಕ್ಕೆ 35 ಸಾವಿರದಿಂದ 50 ಸಾವಿರ ಡಾಲರ್, ಜೊತೆಗೆ ಒಂದು ವರ್ಷದವರೆಗೆ ಜೈಲು. ದಂಡವನ್ನು ವ್ಯಾಪಾರದ ಖರ್ಚಿನಲ್ಲಿ ಬರೆದುಕೊಂಡು ಮುಂದೆ ಹೋಗುವಂತಿಲ್ಲ.

ಎದುರುವಾದಗಳೂ ಬಂದವು. ಹೊನೊಲುಲುವಿನ ಚೀನೀ ಹೋಟೆಲಿನವರು, ಇದು ತಲೆತಲಾಂತರದ ಔತಣದ ಅಡಿಗೆ, ಒಂದು ಜನಾಂಗದ ಸಂಪ್ರದಾಯಕ್ಕೆ ಏಟು ಎಂದರು. ಕೊಂಡಿಟ್ಟ ಮಾಲಿನ ಗತಿಯೇನು ಎಂದರು. ಮೊದಲನೆಯ ವಾದಕ್ಕೆ ಉತ್ತರವಿದೆ: ಒಂದು ಜನಾಂಗದ ಔತಣದ ಬಟ್ಟಲು ತುಂಬುವುದಕ್ಕೆ ಇನ್ನೊಂದು ಜನಾಂಗದ ಮನೆದೇವರನ್ನು ಕಡಲಿನಿಂದಲೇ ಅಳಿಸಬೇಕೆಂದು ಯಾವ ಸಂಪ್ರದಾಯವೂ ಕೇಳಲಾರದು. ಆದರೆ ಎರಡನೆಯ ವಾದ ಅಂಗಡಿಯವನ ನಿಜವಾದ ಕಷ್ಟ. ಅದನ್ನು ಕಾನೂನು ಕಿವಿಗೆ ಹಾಕಿಕೊಂಡಿತು. 2010ರ ಜುಲೈ 1ರಿಂದ ನಿಷೇಧ ಜಾರಿಗೆ ಬಂದರೂ, ಅಂದು ಹೋಟೆಲುಗಳಲ್ಲಿ ಇದ್ದ ದಾಸ್ತಾನನ್ನು ಬಡಿಸಿ ಮುಗಿಸಲು 2011ರ ಜುಲೈ 1ರವರೆಗೆ ಒಂದು ವರ್ಷದ ಗಡುವು ಕೊಟ್ಟಿತು. ಹೊಸ ಮಾಲು ತರಿಸುವಂತಿಲ್ಲ. ಇದ್ದ ಮಾಲಿನಿಂದ ಹಾಕಿದ ದುಡ್ಡು ವಾಪಸು ಪಡೆಯಬಹುದು.

ಕಿರಾಣಿ ಅಂಗಡಿಯ ಗೆಳೆಯರಿಗೆ ನನ್ನ ಉತ್ತರ ಇದು. ಕಾನೂನು ಸಣ್ಣ ವ್ಯಾಪಾರಿಯ ವೈರಿಯಾಗಲೇಬೇಕೆಂದಿಲ್ಲ. ರಾತ್ರೋರಾತ್ರಿ ಬಂದು ಬೆಳಿಗ್ಗೆ ದಂಡ ಹಾಕುವ ಕಾನೂನು ವೈರಿ. ಮುಂಚಿತವಾಗಿ ಹೇಳಿ, ಗಡುವು ಕೊಟ್ಟು, ದೊಡ್ಡವನಿಗೂ ಚಿಕ್ಕವನಿಗೂ ಒಂದೇ ದಿನ ಬಾಗಿಲು ಮುಚ್ಚುವ ಕಾನೂನನ್ನು ಪ್ರಾಮಾಣಿಕ ವ್ಯಾಪಾರಿ ಹೊರಬಲ್ಲ. ಎಲ್ಲರಿಗೂ ನಿಷೇಧವಾದ ಮೇಲೆ ಪಕ್ಕದ ಹೋಟೆಲಿನವನು ಕದ್ದು ಮಾರಿ ಗಿರಾಕಿಯನ್ನು ಸೆಳೆದಾನೆಂಬ ಅಂಜಿಕೆಯೂ ಕಡಮೆ.

2010ರ ಮೇ 28ರಂದು ಗವರ್ನರ್ ಲಿಂಡಾ ಲಿಂಗಲ್ ಮಸೂದೆಗೆ ಅಂಕಿತ ಹಾಕಿದರು. ಅವರು ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದವರು. ರೆಕ್ಕೆಯ ವ್ಯಾಪಾರವನ್ನೇ ನಿಷೇಧಿಸಿದ ಮೊದಲ ಅಮೆರಿಕಾ ರಾಜ್ಯ ಹವಾಯಿ. ಮರುವರ್ಷವೇ ವಾಷಿಂಗ್ಟನ್, ಆರೆಗನ್, ಕ್ಯಾಲಿಫೋರ್ನಿಯ ರಾಜ್ಯಗಳೂ ಗುವಾಮ್ ಮುಂತಾದ ದ್ವೀಪಗಳೂ ಅದೇ ದಾರಿ ಹಿಡಿದವು. ಕಿಂಗ್ ಡೈಮಂಡಿನಂಥ ಹಡಗುಗಳು ನುಸುಳುವ ತೂತನ್ನು ಕೇಂದ್ರ ಸರ್ಕಾರ 2011ರ ಜನವರಿಯಲ್ಲಿ ಮುಚ್ಚಿತು. 2022ರ ಡಿಸೆಂಬರಿನಲ್ಲಿ ಇಡೀ ಅಮೆರಿಕಾಕ್ಕೆ ಅನ್ವಯಿಸುವ ಮಾರಾಟ ನಿಷೇಧವೂ ಬಂದಿತು. 25 ಜನರ ಒಂದು ಸಣ್ಣ ಮನೆಯಲ್ಲಿ ಹಚ್ಚಿದ ದೀಪ ಹನ್ನೆರಡು ವರ್ಷಗಳಲ್ಲಿ ದೇಶದ ರಾಜಧಾನಿಗೆ ಮುಟ್ಟಿತು. ಸಣ್ಣ ಸಭೆಯಿಂದ ಏನಾದೀತು ಎನ್ನುವವರು ಇದನ್ನು ನೆನಪಿಡಲಿ.

ಉಳಿದ ತೂತುಗಳು

ಇಷ್ಟಕ್ಕೆ ಚಪ್ಪಾಳೆ ತಟ್ಟಿ ಏಳುವಂತಿಲ್ಲ. ರೆಕ್ಕೆ ಮಾರಬಾರದೆಂದರೂ ಶಾರ್ಕನ್ನು ಕೊಲ್ಲಬಾರದೆಂದು ಹೀಯವರ ಕಾನೂನು ಹೇಳಿರಲಿಲ್ಲ. ಆ ಕೆಲಸವನ್ನು 2021ರಲ್ಲಿ ಕೆಳಮನೆಯ ಸದಸ್ಯೆ ನಿಕೋಲ್ ಲೋವೆನ್ ತಂದ ಮಸೂದೆ ಮಾಡಿತು. 2022ರ ಜನವರಿ 1ರಿಂದ ಹವಾಯಿಯ ನೀರಿನಲ್ಲಿ ತಿಳಿದೂ ತಿಳಿದೂ ಶಾರ್ಕನ್ನು ಹಿಡಿಯುವುದು, ಬಲೆಗೆ ಸಿಕ್ಕಿಸುವುದು, ಕೊಲ್ಲುವುದು ಅಪರಾಧ. ಮೊದಲ ಸಲ 500 ಡಾಲರ್ ದಂಡ, ಮೂರನೆಯ ಸಲ 10 ಸಾವಿರ. ‘ತಿಳಿದೂ ತಿಳಿದೂ’ ಎಂಬ ಮಾತು ಇರುವುದರಿಂದ, ಬೇರೆ ಮೀನಿಗೆ ಹಾಕಿದ ಗಾಳಕ್ಕೆ ಅಕಸ್ಮಾತ್ ಸಿಕ್ಕಿದ ಶಾರ್ಕನ್ನು ಬಿಟ್ಟುಕಳಿಸುವ ಬಡ ಮೀನುಗಾರ ಅಪರಾಧಿಯಾಗುವುದಿಲ್ಲ.

ಇದು ಅಗತ್ಯವಾಗಿತ್ತೆಂಬುದಕ್ಕೆ ಲೆಕ್ಕವೇ ಸಾಕ್ಷಿ. 2024ರಲ್ಲಿ ಪ್ರಕಟವಾದ ವಿಜ್ಞಾನಿಗಳ ಅಂದಾಜಿನಂತೆ, ಪ್ರಪಂಚದಲ್ಲಿ ಮೀನುಗಾರಿಕೆಯಿಂದ ಸಾಯುವ ಶಾರ್ಕುಗಳ ಸಂಖ್ಯೆ 2012ರಲ್ಲಿ 7.6 ಕೋಟಿ ಇದ್ದದ್ದು 2019ರಲ್ಲಿ 8 ಕೋಟಿಯಾಗಿತ್ತು. ರೆಕ್ಕೆ ಕತ್ತರಿಸುವುದನ್ನು ತಡೆಯುವ ಕಾನೂನುಗಳು ಎಷ್ಟೋ ದೇಶಗಳಲ್ಲಿ ಬಂದ ಮೇಲೆಯೂ ಹೀಗೆ. ವ್ಯಾಪಾರಕ್ಕೆ ಬಾಗಿಲು ಒಂದೇ ಅಲ್ಲ. ಒಂದು ಮುಚ್ಚಿದರೆ ಇನ್ನೊಂದನ್ನು ಹುಡುಕುತ್ತದೆ. ಕಾನೂನು ಮಾಡುವವನೂ ಅದರ ಬೆನ್ನು ಬಿಡಬಾರದು.

ಆದರೆ ಎಲ್ಲಕ್ಕಿಂತ ದೊಡ್ಡ ತೂತು ಇರುವುದು ಆಳಿನ ವಿಷಯದಲ್ಲಿ. ಹೊನೊಲುಲು ಬಂದರಿನಲ್ಲಿ ನಿಲ್ಲುವ ಟ್ಯೂನಾ ದೋಣಿಗಳ ಮೇಲೆ ದುಡಿಯುವವರಲ್ಲಿ ಸುಮಾರು 700 ಜನ ಇಂಡೊನೇಷ್ಯ, ಫಿಲಿಪೈನ್ಸ್, ಕಿರಿಬಾಟಿ ಮುಂತಾದ ಬಡ ದೇಶಗಳವರೆಂದು 2016ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ವರದಿ ಮಾಡಿತು. ಅವರಿಗೆ ವೀಸಾ ಇಲ್ಲ, ದಡಕ್ಕೆ ಕಾಲಿಡುವಂತಿಲ್ಲ. ಪಾಸ್‌ಪೋರ್ಟು ಕಪ್ತಾನನ ಪೆಟ್ಟಿಗೆಯಲ್ಲಿ. ಅಮೆರಿಕಾದ ಕಾನೂನಿನಲ್ಲಿಯೇ ದೋಣಿ ಒಡೆಯರಿಗಾಗಿ ಉಳಿಸಿದ ವಿನಾಯಿತಿಯೊಂದು ಇದನ್ನೆಲ್ಲ ನಡೆಸಿಕೊಡುತ್ತಿತ್ತು. ಕೆಲವರಿಗೆ ಗಂಟೆಗೆ 70 ಸೆಂಟಿನಷ್ಟು ಕಡಮೆ ಕೂಲಿ ಸಿಗುತ್ತಿತ್ತು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಿ. ಇದೇ ಕ್ಲೇಟನ್ ಹೀಯವರು ಮುಂದೆ ಸೆನೆಟ್ಟಿನ ನ್ಯಾಯ ಮತ್ತು ಕಾರ್ಮಿಕ ಸಮಿತಿಯ ಅಧ್ಯಕ್ಷರಾದಾಗ ಕನಿಷ್ಠ ಕೂಲಿ ಹೆಚ್ಚಿಸುವ ಮಸೂದೆಯನ್ನು ಮುಂದೆ ನಿಂತು ನಡೆಸಿದರು. 2014ರಲ್ಲಿ ಅದು ಕಾನೂನಾಯಿತು. ಗಂಟೆಗೆ 7 ಡಾಲರ್ 25 ಸೆಂಟು ಇದ್ದ ಕೂಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ 2018ಕ್ಕೆ 10 ಡಾಲರ್ 10 ಸೆಂಟಾಯಿತು. 2016ರಲ್ಲಿ ಅದು 8 ಡಾಲರ್ 50 ಸೆಂಟು. ದಡದ ಮೇಲೆ ಎಂಟೂವರೆ ಡಾಲರ್. ನಾಲ್ಕು ಮಾರು ದೂರದಲ್ಲಿ, ಹಗ್ಗದಿಂದ ದಡಕ್ಕೆ ಕಟ್ಟಿದ ದೋಣಿಯ ಮೇಲೆ 70 ಸೆಂಟು! ಮೀನಿಗೆ ಬಂದ ಕಾನೂನು ಮೀನುಗಾರನಿಗೆ ಬರಲಿಲ್ಲ. ರೆಕ್ಕೆಯ ಮೇಲುಸಂಪಾದನೆ ನ್ಯಾಯವಾಗಿಯೇ ನಿಂತಿತು. ಅದರ ಬದಲಿಗೆ ನ್ಯಾಯವಾದ ಕೂಲಿ ಕೊಡೆಂದು ಒಡೆಯನನ್ನು ಕೇಳುವವರಿರಲಿಲ್ಲ.

ಹೀಯವರೊಬ್ಬರ ತಪ್ಪು ಇದು ಎಂದು ನಾನು ಹೇಳುತ್ತಿಲ್ಲ. ವೀಸಾ, ಪರದೇಶದ ಆಳು, ಇವು ಕೇಂದ್ರ ಸರ್ಕಾರದ ಕೈಯಲ್ಲಿರುವ ವಿಷಯಗಳು. 2014ರ ಚುನಾವಣೆಯಲ್ಲಿ ಅವರು ಲೆಫ್ಟಿನೆಂಟ್ ಗವರ್ನರ್ ಸ್ಥಾನ ಬಯಸಿ ಸೋತರು, ಸೆನೆಟ್ಟನ್ನೂ ಬಿಟ್ಟರು. ಶಾಸಕ ಹೋದ, ಅವನು ಮಾಡಿದ ಎರಡು ಕಾನೂನುಗಳು ಉಳಿದವು. ಇದು ಸಣ್ಣ ಮಾತಲ್ಲ. ಆದರೆ ಎರಡು ಕಾನೂನುಗಳ ನಡುವಿನ ಸಂದಿನಲ್ಲಿ 700 ಜನ ಬಿದ್ದಿದ್ದರೆಂಬುದೂ ಸಣ್ಣ ಮಾತಲ್ಲ.

ಖರ್ಚು ಯಾರದು?

ಇನ್ನೊಂದು ಪ್ರಶ್ನೆ ಇದೆ. ಪ್ರಾಣಿಗಳನ್ನು ಉಳಿಸಲು ಹಣ ಬೇಕು. ನೇನೆ ಹೆಬ್ಬಾತು ಉಳಿದದ್ದು ತಾನಾಗಿ ಅಲ್ಲ. 1957ರಲ್ಲಿ ಶಾಸನ ಸಭೆ ಅದನ್ನು ಹವಾಯಿಯ ಹಕ್ಕಿಯೆಂದು ಸಾರಿತು. ಹವಾಯಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಸಾಕಿ ಮರಿಮಾಡಿಸಿ, ಕಾಡಿಗೆ ಬಿಟ್ಟು, ಮುಂಗುಸಿ ಬೆಕ್ಕುಗಳನ್ನು ದೂರವಿಟ್ಟು ದಶಕಗಟ್ಟಲೆ ದುಡಿದರು. ಇಂದು ಸುಮಾರು 3 ಸಾವಿರಕ್ಕೂ ಹೆಚ್ಚು ನೇನೆಗಳಿವೆ. 2019ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿನ ಪಟ್ಟಿಗೆ ಇಳಿಸಿದರು. ಜೇನುಹೀರುವ ಹಕ್ಕಿಗಳಿಗಾಗಿ 2023ರಿಂದ ಮಾವಿ ದ್ವೀಪದ ಬೆಟ್ಟಗಳಲ್ಲಿ ವಿಶೇಷ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಅವುಗಳೊಡನೆ ಕೂಡಿದ ಹೆಣ್ಣು ಸೊಳ್ಳೆಯ ಮೊಟ್ಟೆ ಮರಿಯಾಗುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದಿಲ್ಲವಾದ್ದರಿಂದ ಯಾರಿಗೂ ತೊಂದರೆಯಿಲ್ಲ.

ಈ ಖರ್ಚನ್ನು ಯಾರು ಹೊರಬೇಕು? 2025ರಲ್ಲಿ ಹವಾಯಿಯ ಶಾಸನ ಸಭೆ ಇದಕ್ಕೆ ಒಂದು ಉತ್ತರ ಕೊಟ್ಟಿತು. ಪ್ರವಾಸಿಗಳು ಇಳಿದುಕೊಳ್ಳುವ ಹೋಟೆಲು ಕೋಣೆಗಳ ಮೇಲಿನ ತೆರಿಗೆಯನ್ನು ಶೇಕಡಾ 0.75ರಷ್ಟು ಏರಿಸಿ, ಅದು 2026ರ ಜನವರಿ 1ರಿಂದ ಜಾರಿಗೆ ಬರುವಂತೆ ಗೊತ್ತುಮಾಡಿತು. ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಬರುವ ಅಂದಾಜು. ಅದು ನೆಲ ಜಲಗಳ ರಕ್ಷಣೆಗೂ ಬೆಂಕಿ ಪ್ರವಾಹಗಳನ್ನು ಎದುರಿಸುವುದಕ್ಕೂ ಮೀಸಲು. ದ್ವೀಪದ ಚೆಲುವನ್ನು ಅನುಭವಿಸಲು ಬರುವವನು ಅದನ್ನು ಉಳಿಸುವ ಖರ್ಚಿನಲ್ಲಿ ಪಾಲು ಕೊಡಲಿ ಎಂಬುದು ನ್ಯಾಯ. ಉಪ್ಪು ಎಣ್ಣೆಗಳ ಮೇಲೆ ತೆರಿಗೆ ಹಾಕಿ ಹಕ್ಕಿಯನ್ನು ಉಳಿಸಿದರೆ ಬಡವ ಹಕ್ಕಿಯನ್ನೇ ಶಪಿಸುತ್ತಾನೆ.

ನಮ್ಮ ಕರಾವಳಿಗೆ ಪಾಠ

ಇದು ನಮಗೆ ದೂರದ ಕಥೆಯಲ್ಲ. ನಮ್ಮ ದೇಶದಿಂದಲೂ ಶಾರ್ಕಿನ ರೆಕ್ಕೆ ಹಡಗು ಹತ್ತುತ್ತಿತ್ತು. 2001ರಲ್ಲಿ ದೆಹಲಿ ಸರ್ಕಾರ ಒಂದೇ ಆಜ್ಞೆಯಿಂದ ಎಲ್ಲ ಶಾರ್ಕುಗಳನ್ನೂ ತೊರಕೆ ಮೀನುಗಳನ್ನೂ ವನ್ಯಜೀವಿ ರಕ್ಷಣೆಯ ಪಟ್ಟಿಗೆ ಸೇರಿಸಿತು. ಬಲೆಗೆ ಬಿದ್ದದ್ದು ಯಾವ ಜಾತಿಯೆಂದು ನೋಡುವ ಮೊದಲೇ ಮೀನುಗಾರ ಅಪರಾಧಿ! ಕರಾವಳಿಯ ಮೀನುಗಾರರು ಪ್ರತಿಭಟಿಸಿದರು. ಅದೇ ವರ್ಷದ ಕೊನೆಯೊಳಗೆ ಸರ್ಕಾರ ಪಟ್ಟಿಯನ್ನು ಕೆಲವೇ ಜಾತಿಗಳಿಗೆ ಇಳಿಸಬೇಕಾಯಿತು. ಕೇಳದೆ ಮಾಡಿದ ಕಾನೂನಿನಿಂದ ಮೀನೂ ಉಳಿಯಲಿಲ್ಲ, ಸರ್ಕಾರದ ಮಾನವೂ ಉಳಿಯಲಿಲ್ಲ. 2013ರಲ್ಲಿ, ರೆಕ್ಕೆ ದೇಹಕ್ಕೆ ಅಂಟಿಕೊಂಡಿರುವ ಹಾಗೆಯೇ ಮೀನನ್ನು ದಡಕ್ಕೆ ತರಬೇಕೆಂಬ ನಿಯಮ ಬಂದಿತು. 2015ರ ಫೆಬ್ರವರಿಯಲ್ಲಿ ರೆಕ್ಕೆಯ ರಫ್ತನ್ನೇ ನಿಷೇಧಿಸಿದರು. ಹವಾಯಿಯ ಹಾಗೆ ನಾವೂ ಚಾಕುವಿನಿಂದ ಆರಂಭಿಸಿ ಮಾರುಕಟ್ಟೆಗೆ ಬಂದು ಮುಟ್ಟಿದೆವು. ಆದರೆ ರಫ್ತು ನಿಂತ ದಿನ ದೋಣಿಯ ಆಳಿಗೂ ಮೀನು ಒಣಗಿಸುವ ಹೆಂಗಸಿಗೂ ಏನು ಉಳಿಯಿತು ಎಂಬ ಪ್ರಶ್ನೆ ಮಂಗಳೂರು ಮಲ್ಪೆಗಳ ದಕ್ಕೆಯ ಮೇಲೆ ನಿಂತು ಕೇಳತಕ್ಕದ್ದು.

ಆದ್ದರಿಂದ ಇಂಥ ಯಾವ ಕಾನೂನು ಬಂದರೂ ನಾವು ಮೂರು ಪ್ರಶ್ನೆ ಕೇಳೋಣ. ಅದು ಕೈಯಾಳನ್ನು ಹಿಡಿಯುತ್ತದೆಯೋ, ಅವನಿಂದ ಕೊಳ್ಳುವ ದೊಡ್ಡ ವ್ಯಾಪಾರಿಯನ್ನು ಹಿಡಿಯುತ್ತದೆಯೋ? ಸಣ್ಣ ಅಂಗಡಿಯವನಿಗೆ ಮುಂಚಿತವಾಗಿ ತಿಳಿಸಿ ಗಡುವು ಕೊಟ್ಟಿದೆಯೋ? ದುಡಿಯುವವನು ಕಳೆದುಕೊಂಡದ್ದಕ್ಕೆ ಬದಲು ಕೂಲಿಯನ್ನು ಯಾರಿಂದ ಕೊಡಿಸುತ್ತದೆ? ಹೀಯವರ ಕಾನೂನಿಗೆ ಮೊದಲೆರಡು ಪ್ರಶ್ನೆಗಳಲ್ಲಿ ನಾನು ಪೂರ್ತಿ ಅಂಕ ಕೊಡುತ್ತೇನೆ. ಮೂರನೆಯದಕ್ಕೆ ಕೊಡಲಾರೆ.

ಗಿರಣಿಯ ಗೆಳೆಯರೇ, ಬೋನಸ್ಸಿನ ಕಾನೂನು ನಡೆಯುವುದಿಲ್ಲವೆಂದು ಮೀನಿನ ಕಾನೂನನ್ನು ಹಳಿಯುವುದು ಬೇಡ. ಮೀನಿನ ಹೆಸರಿನಲ್ಲಿ ವ್ಯಾಪಾರದ ದಾಸ್ತಾನನ್ನು ಜಪ್ತಿ ಮಾಡಬಲ್ಲ ಸರ್ಕಾರ ಬೋನಸ್ಸಿನ ಹೆಸರಿನಲ್ಲಿ ಗಿರಣಿಯ ಲೆಕ್ಕದ ಪುಸ್ತಕವನ್ನೂ ತೆರೆಸಬಲ್ಲದು. ಶಕ್ತಿ ಇಲ್ಲವೆಂದಲ್ಲ, ಕೇಳುವವರು ಒಗ್ಗಟ್ಟಾಗಿ ಬಾಗಿಲಲ್ಲಿ ನಿಂತಿಲ್ಲ, ಅಷ್ಟೆ. ಬರುವ ಭಾನುವಾರದ ಸಭೆಯಲ್ಲಿ ಬೋನಸ್ಸಿನ ಠರಾವು ಬರುತ್ತದೆ. ಎಲ್ಲರೂ ಬನ್ನಿ. ಅಂಗಡಿಯವರೂ ಬನ್ನಿ; ಕೂಲಿಯವನ ಕೈಗೆ ಬಂದ ಬೋನಸ್ಸು ಮೊದಲು ಕಾಣುವುದು ನಿಮ್ಮ ಗಲ್ಲಾಪೆಟ್ಟಿಗೆಯನ್ನೇ.